ಕೆನೆ ತೆಗೆದ ನೀರು

ಉಮ್ಸುನಾಯಳ ಸ್ಕ್ರೂಡ್ರೈವರ್ ಕಂಡರೆ ಸತ್ತ ರೇಡಿಯೊ ಕೂಡ ಹೆದರಿ ಹಾಡುತ್ತಿತ್ತೆಂದು ನರೀನ್ ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದವಳು. ಸೋವಿಯತ್ ಸರ್ಕಾರ ಮುಳುಗಿ, ಊರಿಗೆ ಬರುವ ತಂತಿಯಲ್ಲಿ ಗುಬ್ಬಚ್ಚಿಗಳ ಹೊರತು ಇನ್ನೇನೂ ಉಳಿಯದಾದಾಗ, ಟ್ರಾಕ್ಟರಿನ ಹಳೇ ಚಕ್ರ, ಗುಜರಿಯ ಮೋಟಾರು, ಮದುವೆ ಅಡುಗೆಯ ಹದಿನಾರು ಸೌಟು ಸೇರಿಸಿ, ನೀರು ಬಿದ್ದರೆ ತಿರುಗಿ ಕರೆಂಟು ಕೊಡುವ ಯಂತ್ರವೊಂದನ್ನು ಕಾಲುವೆಗೆ ಕೂರಿಸಿದಳು. ಮೊದಲ ಬಲ್ಬು ಹೊತ್ತಿದಾಗ ಊರ ಹುಂಜಗಳೆಲ್ಲ ಹೊತ್ತು ತಪ್ಪಿ ಮೂರು ದಿನ ಬಿಡದೆ ಕೂಗಿದವು.

ಬೇಸಿಗೆ ಬಂತು. ಆಲೂಗಡ್ಡೆ ಹೊಲಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಜುಮಾಶ್, ಬಿಳಿಗಡ್ಡದ ಹಿರಿಯರನ್ನು ಕಟ್ಟಿಕೊಂಡು ಬಂದ.

"ಇದನ್ನ ಕೀಳ್ಬೇಕಕ್ಕ. ಹಾಲನ್ನ ಕೆನೆ ತೆಗೆಯೋ ಯಂತ್ರಕ್ಕೆ ಹಾಕಿ ತಿರುಗಿಸಿದ್ರೆ ಏನು ಉಳಿಯುತ್ತೆ? ನೀನು ನೀರಿನ ಕೆನೆ ತೆಗೆದು ಬಲ್ಬಿಗೆ ಕುಡಿಸ್ತಿದ್ದೀಯ. ಕೆಳಗಿನ ಹೊಲಕ್ಕೆಲ್ಲ ಸಪ್ಪೆ ನೀರು!"

ಹಿರಿಯರು ತಲೆದೂಗಿದರು. ಎಲ್ಲರೂ ಮನೆಯಲ್ಲಿ ಕೆನೆ ತೆಗೆದವರೇ. ಇದಕ್ಕಿಂತ ದೊಡ್ಡ ವಿಜ್ಞಾನ ಅವರಿಗೆ ಬೇಕಿರಲಿಲ್ಲ.

"ನಿನ್ನ ತಲೆಯಿಂದ ಕೆನೆ ತೆಗೆದೋರು ಯಾರಪ್ಪ?" ಎಂದಳು ಉಮ್ಸುನಾಯ್. "ಈ ಸಲ ನನ್ನ ಹೊಲಕ್ಕೆ ಯಂತ್ರದಿಂದ ಬಿದ್ದ ನೀರು ಮಾತ್ರ. ನಿನ್ನ ಹೊಲ ಯಂತ್ರಕ್ಕಿಂತ ಮೇಲಿದೆ, ಕೆನೆಯೆಲ್ಲ ನಿಂಗೇ ಇರ್ಲಿ. ನನ್ನ ಗಡ್ಡೆ ಸಣ್ಣದಾದ್ರೆ ಯಂತ್ರಾನ ನಾನೇ ಕಿತ್ತು ಬಿಸಾಕ್ತೀನಿ. ಅಲ್ಲೀವರೆಗೂ ಮುಟ್ಟಿದೋರ ಕೈ ಮುರೀತೀನಿ."

ಚಳಿ ಬೀಳುವ ಮೊದಲು ಆಲೂಗಡ್ಡೆ ಅಗೆದರು. ಉಮ್ಸುನಾಯಳ ಒಂದೊಂದು ಗಡ್ಡೆಯೂ ಕುರಿಮರಿಯಷ್ಟು. ಒಂದನ್ನು ಎಳೆಯಲು ಕಟ್ಟಿದ ಕುದುರೆ ಮಂಡಿಯೂರಿ ಕೂತುಬಿಟ್ಟಿತು. ಜುಮಾಶನವು ಅದರ ಮುಂದೆ ಬಟಾಣಿ.

ಜುಮಾಶ್ ಗಡ್ಡ ಕೆರೆದುಕೊಂಡ. "ಹಾಗಾದ್ರೆ ನಿನ್ನ ಯಂತ್ರ ನೀರಿನ ವಿಷ ತೆಗೀತಿದೆ! ನಾಳೆನೇ ತಂದು ನನ್ನ ಹೊಲದ ಮೇಲ್ಗಡೆ ಕೂರಿಸು. ಇಲ್ಲಾಂದ್ರೆ ಕಾಲುವೇಲಿ ಇದಕ್ಕೆ ಜಾಗ ಇಲ್ಲ."

ಹೂಂ ಅಂದಿದ್ದರೆ ಯಂತ್ರ ಉಳಿಯುತ್ತಿತ್ತು, ಊರು ಅವಳನ್ನು ಹೊತ್ತು ಮೆರೆಸುತ್ತಿತ್ತು. ಆದರೆ ಮೂವತ್ತು ವರ್ಷ ಮೀಟರಿನ ಮುಳ್ಳೊಂದಕ್ಕೇ ತಲೆಬಾಗಿದ ಹೆಂಗಸು ಅವಳು.

"ವಿಷನೂ ಇಲ್ಲ, ಕೆನೆನೂ ಇಲ್ಲ! ನಾನು ಹಾಕಿದ್ದು ನಲವತ್ತು ಗಾಡಿ ಕುರಿಗೊಬ್ಬರ. ನೀರು ಬೀಳೋ ಹೊಡೆತ ಮಾತ್ರ ನಾನು ತಗೊಳ್ಳೋದು, ನೀರು ಎತ್ತರದಿಂದ ಬೀಳೋದು ಇಲ್ಲಿ ಮಾತ್ರ. ಯಂತ್ರ ಇಲ್ಲೇ ಇರುತ್ತೆ. ಕೀಳೋರು ಬನ್ನಿ!" ಎಂದು ಸ್ಪ್ಯಾನರ್ ಹಿಡಿದು ಯಂತ್ರಕ್ಕೆ ಅಡ್ಡ ನಿಂತಳು.

ಎಲ್ಲರಿಗಿಂತ ಹಿರಿಯ ಗಡ್ಡದವನು ಕೆಮ್ಮಿದ.

"ಎಷ್ಟು ಗಾಡಿ ಅಂದೆ, ಮಗಳೇ?"

"ನಲವತ್ತು, ತಾತ."

ಅವನು ಸಲಿಕೆ ಹೆಗಲಿಗೇರಿಸಿ ಕುರಿದೊಡ್ಡಿಯ ಕಡೆ ನಡೆದ. ಒಬ್ಬೊಬ್ಬರೇ ಹಿಂದೆ ಹೋದರು. ಉಳಿದವನು ಜುಮಾಶ್ ಒಬ್ಬ. ಸ್ಪ್ಯಾನರನ್ನು ನೋಡಿದ, ಅವಳ ಮುಖ ನೋಡಿದ, ಮನೆಗೆ ಹೊರಟ. ಅಲ್ಲಿ, ಅದೇ ಯಂತ್ರ ಹೊತ್ತಿಸಿದ ದಿನದಿಂದ ಒಮ್ಮೆಯೂ ಆರಿಸದ ಬಲ್ಬು ನಡುಹಗಲಲ್ಲೇ ಉರಿಯುತ್ತಿತ್ತು.