ಸುಡಲೆಂದೇ ಸುತ್ತಿದ ಸುರುಳಿ

ಗೆಂಚೊ ಮೇಸ್ತ್ರಿಯನ್ನು ಯೊನ್ಕಾ ಮೊದಲು ಕಂಡದ್ದು ಸೆಪ್ಟೆಂಬರಿನ ಒಂದು ಶನಿವಾರ, ತ್ರೋಯಾನ್ ಊರಿನ ಅಂಗಳ ಅಂಗಳದಲ್ಲೂ ಪ್ಲಮ್ ಹಣ್ಣು ಕುದಿಯುವ ಕಾಲ. ಅವಳೂ ಹಿತ್ತಲಲ್ಲಿ ಒಲೆ ಹೂಡಿ, ತಾಮ್ರದ ಹಂಡೆಯಲ್ಲಿ ಹಣ್ಣು ತಿರುವುತ್ತಿದ್ದಳು. ಗಂಡ ದಿಮೊ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಜೀವಕ್ಕೆ ಎಷ್ಟು ಜಾಮ್ ಸಾಕು ಎಂಬ ಅಂದಾಜು ಅವಳಿಗೆ ಇನ್ನೂ ಸಿಕ್ಕಿರಲಿಲ್ಲ. ಹಂಡೆ ತುಂಬ ಇಟ್ಟಿದ್ದಳು. ಗೇಟಿನ ಹೊರಗೆ ತೆಳ್ಳಗಿನ ಗಂಡಸೊಬ್ಬ ಟೋಪಿ ತೆಗೆದು ನಿಂತ. ಕೈಯಲ್ಲಿ ಬೆರಳುದ್ದದ ಪಿಂಗಾಣಿ ಕೋಲು, ಜೇಬಿನಿಂದ ಇಣುಕುವ ತಂತಿಯ ಉಂಡೆ.

ಮೋಟಾರು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸುರುಳಿ ಸುತ್ತಿದವರು ನೀವೇ ತಾನೆ ಎಂದು ಕೇಳಿದ. ಹೌದೆಂದಳು.

"ಈ ಕೋಲಿಗೆ ಇಪ್ಪತ್ತೆಂಟು ಸುತ್ತು ಬೇಕಕ್ಕ. ಒಂದಕ್ಕೊಂದು ತಾಗಬಾರ್ದು, ಅಂತರ ಒಂದೇ ಸಮ ಇರ್ಬೇಕು. ನನ್ನ ಕೈಲಿ ಆಗ್ತಿಲ್ಲ," ಎಂದು ಎಡಗೈ ತೋರಿಸಿದ. ಎರಡು ಬೆರಳು ಮಡಿಸಲು ಬಾರದೆ ನೆಟ್ಟಗೆ ನಿಂತಿದ್ದವು.

ಯೊನ್ಕಾ ಅವನ ಬಲಗೈಗೆ ಸೌಟು ಕೊಟ್ಟು, ತಳ ಹಿಡಿಸಿದರೆ ಜೋಕೆ ಎಂದು ಹೇಳಿ, ಮೆಟ್ಟಿಲ ಮೇಲೆ ಕೂತು ಸುತ್ತಿದಳು. ಅವಳದು ಎಡಗೈ. ಸುತ್ತು ಬಲದಿಂದ ಎಡಕ್ಕೆ ಹೋಗುತ್ತಿತ್ತು. ಮುಗಿಸಿ ಕೊಡುವಾಗ, ಇದು ಎಷ್ಟು ವರ್ಷ ಬಾಳಬೇಕು ಎಂದು ವಿಚಾರಿಸಿದಳು.

"ಬಾಳೋದಕ್ಕಲ್ಲ. ಇದು ಸುಟ್ಟು ಹೋಗ್ಬೇಕು."

ಅವಳಿಗೆ ಸಿಟ್ಟೇ ಬಂತು. ಕಾರ್ಖಾನೆಯಲ್ಲಿ ಒಂದು ಸುರುಳಿ ಸುಟ್ಟರೆ ಮೇಲ್ವಿಚಾರಕ ಹತ್ತು ಜನರ ಎದುರಿಗೆ ಉಗಿಯುತ್ತಿದ್ದ. ಗೆಂಚೊ ಸೌಟು ತಿರುವುತ್ತಲೇ ಸಮಾಧಾನ ಮಾಡಿದ. ತಾನು ಹವ್ಯಾಸಕ್ಕೆ ದೂರದೇಶದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊದವರ ಆಂಪ್ಲಿಫೈಯರ್ ಕಟ್ಟುವವನು, ಸಣ್ಣ ದನಿಯನ್ನು ದೊಡ್ಡದು ಮಾಡಿ ಸಮುದ್ರದಾಚೆಗೆ ಎಸೆಯುವ ಪೆಟ್ಟಿಗೆ ಅದು ಎಂದ. ಒಳಗಿನ ವಾಲ್ವುಗಳು, ಬಲ್ಬಿನಂಥ ಗಾಜಿನ ಬುರುಡೆಗಳು, ಹಳೆಯ ಸೈನ್ಯದ ಉಗ್ರಾಣಗಳಿಂದ ಬಂದವು. ವಾಲ್ವಿನ ಹೊಟ್ಟೆಯಲ್ಲಿ ಏನೂ ಇರಕೂಡದು, ಗಾಳಿಯೂ. ಮೂವತ್ತು ವರ್ಷ ಮಲಗಿದ್ದರೆ ಒಂದು ಉಸಿರಿನಷ್ಟು ಹೇಗೋ ಸೇರಿಕೊಂಡಿರುತ್ತದೆ. ಮೂರು ಸಾವಿರ ವೋಲ್ಟ್ ಕೊಟ್ಟಾಗ ಆ ಉಸಿರಿನಲ್ಲೇ ಸಿಡಿಲು ಹೊಡೆಯುತ್ತದೆ. ಕೆಪಾಸಿಟರ್ ಡಬ್ಬಿಗಳಲ್ಲಿ ಕೂಡಿಟ್ಟ ಕರೆಂಟೆಲ್ಲ ಒಂದೇ ಏಟಿಗೆ ನುಗ್ಗಿ ವಾಲ್ವ್, ಮೀಟರ್, ಸಿಕ್ಕಿದ್ದನ್ನೆಲ್ಲ ಮುರಿಯುತ್ತದೆ. ಈ ಸುರುಳಿ ದಾರಿಗೆ ಅಡ್ಡ ನಿಂತು ಆ ಏಟು ತಿನ್ನಬೇಕು.

"ಅಂದ್ರೆ ಅತ್ತೆ-ಮಗನ ಜಗಳದ ಮಧ್ಯೆ ಸಿಕ್ಕಿದ ಸೊಸೆ ಅನ್ನಿ," ಎಂದಳು ಯೊನ್ಕಾ.

ಗೆಂಚೊ ನಕ್ಕ ಭರದಲ್ಲಿ ಕೈ ನಿಲ್ಲಿಸಿದ. ಹಂಡೆ ತಳ ಹಿಡಿಯಿತು. ಆ ಚಳಿಗಾಲವೆಲ್ಲ ಯೊನ್ಕಾ ಬ್ರೆಡ್ಡಿಗೆ ಹಚ್ಚಿದ್ದು ಸೀದ ವಾಸನೆಯ ಜಾಮ್.

ಎರಡನೆಯ ಸುರುಳಿಗೆ ಅವನು ಬಂದ, ಮೂರನೆಯದಕ್ಕೆ ಅವಳೇ ಹೋದಳು. ಬೀದಿಯ ಕೊನೆಯಲ್ಲಿ ಹಿಂದೆ ಬಟ್ಟೆ ಒಗೆಯುತ್ತಿದ್ದ ಕೋಣೆಯೇ ಅವನ ಕಾರ್ಯಾಗಾರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಗೋಡೆಯ ನಕ್ಷೆಗಳು ತಿಳಿಯುತ್ತಿರಲಿಲ್ಲ. ಆದರೆ ಒಮ್ಮೆ ಕೈಯಾಡಿಸಿದ ಜಾಗವನ್ನು ಮರೆಯುವವಳಲ್ಲ. ಉಗ್ರಾಣದ ವಾಲ್ವ್ ಬಂದರೆ ಅದಕ್ಕೆ ಒಂದಿಡೀ ದಿನ ಬರೀ ಒಳಗಿನ ಕಾವು ಕೊಡಬೇಕು, ಸೇರಿದ ಉಸಿರು ಹೀರಿಕೊಳ್ಳಲಿ ಎಂದು. ಆಮೇಲಷ್ಟೇ ದೊಡ್ಡ ವೋಲ್ಟೇಜ್. ಫ್ಯಾನಿನ ಗಾಳಿಗೆ ಒಂದು ತಗಡು ಏಳದಿದ್ದರೆ ಪೆಟ್ಟಿಗೆ ಚಾಲೂ ಆಗಬಾರದು. ಮುಚ್ಚಳ ತೆರೆದ ಕೂಡಲೇ ಒಂದು ಸ್ಪ್ರಿಂಗ್ ಬಿದ್ದು ಕೂಡಿಟ್ಟದ್ದನ್ನೆಲ್ಲ ನೆಲಕ್ಕೆ ಇಳಿಸಬೇಕು. ಆಮೇಲೂ ಮರದ ಹಿಡಿಯ ಕೊಕ್ಕೆಯಿಂದ ಮುಟ್ಟಿ ನೋಡದೆ ಕೈ ಹಾಕುವಂತಿಲ್ಲ. ಅವನ ಬೆರಳೆರಡು ಹೇಗೆ ಹೋದವೆಂದು ಒಮ್ಮೆ ಕೇಳಿದ್ದಳು. ಆರಿಸಿದ ಪೆಟ್ಟಿಗೆ ಸತ್ತ ಪೆಟ್ಟಿಗೆ ಎಂದು ನಂಬಿದ್ದಕ್ಕೆ ಕೊಟ್ಟ ದಕ್ಷಿಣೆ ಎಂದಿದ್ದ.

ಇದೆಲ್ಲ ಆ ಊರಿಗೆ ಒಗ್ಗುವ ಮಾತಲ್ಲ. ತ್ರೋಯಾನಿನಲ್ಲಿ ಫ್ಯೂಸ್ ಹೋದರೆ ಮೊಳೆ ಇಡುವುದು ವಾಡಿಕೆ. ದಿಮೊ ಕೂಡ ಇಡುತ್ತಿದ್ದ, ಇಟ್ಟು ಬೆನ್ನು ತಟ್ಟಿಕೊಳ್ಳುತ್ತಿದ್ದ. ಮನೆ ಸುಟ್ಟರೂ ಚಿಂತೆಯಿಲ್ಲ, ಫ್ಯೂಸ್ ಸುಡಬಾರದು ಎನ್ನುವ ಜನ. ಅಂಥವರ ನಡುವೆ ಗೆಂಚೊ ಒಂದು ಕಟ್ಟುಪಾಡು ಮಾಡಿಕೊಂಡಿದ್ದ: ಪೆಟ್ಟಿಗೆ ಯಾರೇ ಕಟ್ಟಿರಲಿ, ಕೊನೆಗೆ ಮುಚ್ಚಳ ಹಾಕಿದವನೇ ಅದಕ್ಕೆ ಹೊಣೆ. ಹಾಗಾಗಿ ತನ್ನ ಮೇಜಿನಿಂದ ಹೊರಡುವ ಪ್ರತಿಯೊಂದನ್ನೂ ಒಳಗೆಲ್ಲ ನೋಡಿ ತಾನೇ ಮುಚ್ಚುತ್ತಿದ್ದ. ಅವನ ಪೆಟ್ಟಿಗೆಯಿಂದ ಯಾರಿಗೂ ಏಟು ಬಿದ್ದಿರಲಿಲ್ಲ. ಆ ಮೇಜು ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹನ್ನೊಂದನೆಯ ವರ್ಷ ಅವನ ಕಣ್ಣು ಮಂಜಾಯಿತು. ನಡುವಲ್ಲಿ ಮಸುಕು, ಇದಕ್ಕೆ ಔಷಧಿಯಿಲ್ಲ ಎಂದು ವೈದ್ಯರು ಹೇಳಿದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಬೆಸುಗೆಯ ಕಡ್ಡಿ ಜಾಗದಿಂದ ಒಂದು ಬೆರಳು ಆಚೆ ಹೋಗುವುದನ್ನು ಯೊನ್ಕಾ ಕಂಡಳು. ಏನೂ ಕೇಳದೆ ಮನೆಯಿಂದ ಇನ್ನೊಂದು ದೀಪ ತಂದು ಮೇಜಿಗೆ ಸಿಕ್ಕಿಸಿದಳು.

ಆ ಅಕ್ಟೋಬರಿನಲ್ಲಿ ರಾಶ್ಕೊ ಬಂದ. ಶಾಲೆಯ ಬಸ್ಸು ಓಡಿಸುವವನು, ಬೆಟ್ಟದ ಮೇಲಿನ ರೇಡಿಯೊ ಕ್ಲಬ್ಬಿನ ದೊಡ್ಡ ಗಂಟಲು. ತಿಂಗಳ ಕೊನೆಗೆ, ಯಾರು ಹೆಚ್ಚು ದೇಶಗಳಿಗೆ ದನಿ ಮುಟ್ಟಿಸುತ್ತಾರೆ ಎಂಬ ಎರಡು ದಿನದ ಲೋಕವ್ಯಾಪಿ ಸ್ಪರ್ಧೆಯಿತ್ತು. ಕ್ಲಬ್ಬಿನ ಆಂಪ್ಲಿಫೈಯರಿನ ಫ್ಯಾನು ಕಿರುಗುಡುತ್ತಿದೆ ಎಂದು ಹೊತ್ತು ತಂದಿದ್ದ. ಗೆಂಚೊ ಫ್ಯಾನು ಬದಲಿಸಿದ. ಸುರುಳಿಯ ಎರಡು ತುದಿಗೆ ಪರೀಕ್ಷಕ ಹಚ್ಚಿದ, ಅದು ಪೀಂ ಎಂದಿತು. ತುಂಡಾಗಿಲ್ಲ ಎಂದುಕೊಂಡು ಮುಚ್ಚಳಕ್ಕೆ ಕೈ ಹಾಕಿದ.

"ನಿಲ್ಲು ಮೇಸ್ತ್ರಿ," ಎಂದಳು ಯೊನ್ಕಾ. "ಆ ಸುರುಳಿ ನನ್ನದಲ್ಲ."

ಕೋಲು ಅದೇ, ಸುತ್ತೂ ಇಪ್ಪತ್ತೆಂಟೇ. ಆದರೆ ಎಡದಿಂದ ಬಲಕ್ಕೆ ಹೋಗಿತ್ತು. ಕನ್ನಡಕ ಏರಿಸಿ ಬಗ್ಗಿ ನೋಡಿದಳು. ತಂತಿ ತಾಮ್ರದ್ದು, ಏಟನ್ನು ತಡೆಯದೆ ಹಾಗೇ ದಾಟಿಸುವಂಥದ್ದು; ಕಾವಿಗೆ ಕಂದಿ ಹಳೆಯದರ ಬಣ್ಣಕ್ಕೆ ತಿರುಗಿತ್ತು.

ರಾಶ್ಕೊ ಬಾಗಿಲ ಕಡೆ ನೋಡಿದ. ಕೊನೆಗೆ ಒಪ್ಪಿಕೊಂಡ: ಸೆಪ್ಟೆಂಬರಿನ ಸ್ಪರ್ಧೆಯ ನಡುವೆ ಸುರುಳಿ ಸುಟ್ಟಿತು, ಜಪಾನಿನವರು ಸಾಲುಗಟ್ಟಿ ಕರೆಯುತ್ತಿದ್ದರು, ಕೈಗೆ ಸಿಕ್ಕಿದ ತಂತಿ ಸುತ್ತಿದೆ.

"ಎಷ್ಟು ಚೆನ್ನಾಗಿ ಸುತ್ತಿದೀನಿ ನೋಡು ಚಿಕ್ಕಮ್ಮ. ತಿಂಗಳಿಂದ ಒಂದ್ಸಲನೂ ತಕರಾರಿಲ್ಲ."

"ಮೊಳೆಗೆ ರೇಷ್ಮೆ ಅಂಗಿ ತೊಡಿಸಿದೀಯ. ಮೊಳೆ ಮೊಳೆನೇ ಕಣೋ."

ಗೆಂಚೊ ಬೈಯಲಿಲ್ಲ. ಪರೀಕ್ಷಕವನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು ಕೂತ. ತಾಮ್ರವಾದರೂ ಪೀಂ ಎನ್ನುತ್ತದೆ, ಸರಿಯಾದ ತಂತಿಯಾದರೂ ಪೀಂ ಎನ್ನುತ್ತದೆ. ಮೀಟರಿನ ಮುಳ್ಳು ಓದಿದ್ದರೆ ಗೊತ್ತಾಗುತ್ತಿತ್ತು, ಆ ಮುಳ್ಳು ತನಗೆ ಕಾಣುವುದಿಲ್ಲ ಎಂದ. ಆ ಮಾತನ್ನು ಆಡಿದ್ದು ಅದೇ ಮೊದಲು.

"ಮುಚ್ಚಿಬಿಡ್ತಿದ್ದೆ ಅಕ್ಕ. ಇದೇ ಕೊನೆ ಪೆಟ್ಟಿಗೆ. ಸ್ಪರ್ಧೆ ಮುಗಿದ ಮೇಲೆ ಕೋಣೆಗೆ ಬೀಗ."

ರಾಶ್ಕೊ ಮೇಜಿನ ಹತ್ತಿರ ಸರಿದ. ಗೆಂಚೊ ಬೀಗ ಹಾಕಿದರೆ ಸುತ್ತಲ ನಾಲ್ಕು ಊರಿನ ಪೆಟ್ಟಿಗೆಗಳಿಗೆ ಮೊಳೆಯೇ ಗತಿ ಎಂಬುದು ಅವನಿಗೂ ಗೊತ್ತು. ಯೊನ್ಕಾ ಕೆಲಸಕ್ಕೆ ಕೂತಳು. ತಾಮ್ರ ಬಿಚ್ಚಿದಳು, ಸರಿಯಾದ ತಂತಿ ತೆಗೆದು ಇಪ್ಪತ್ತೆಂಟು ಸುತ್ತು ಸುತ್ತಿದಳು, ಎಂದಿಗಿಂತ ಬೇಗವೂ ಅಲ್ಲ ತಡವೂ ಅಲ್ಲ. ಹಾಕಿ, ಮುಚ್ಚಳ ತಾತ್ಕಾಲಿಕವಾಗಿ ಇಟ್ಟು, ಒಮ್ಮೆ ನೋಡೋಣ ಎಂದು ರಾಶ್ಕೊನನ್ನು ಕೂರಿಸಿ ಪೂರ್ಣ ಬಲದಲ್ಲಿ ಓಡಿಸಿದರು. ಮಧ್ಯಾಹ್ನದ ಊಟದ ಹೊತ್ತಿನವರೆಗೆ ಎಲ್ಲ ಸುಗಮ. ಹುರುಳಿಕಾಯಿ ಬೀಜದ ಸಾರು ಬಿಸಿ ಮಾಡಲು ಯೊನ್ಕಾ ಎದ್ದಿದ್ದಳು, ಪೆಟ್ಟಿಗೆಯೊಳಗೆ ಕೋಲು ಮುರಿದಂಥ ಸದ್ದಾಯಿತು. ಎಲ್ಲ ಆರಿತು.

ಗೆಂಚೊ ಮಿಸುಕಲಿಲ್ಲ. "ಹೇಳಕ್ಕ," ಎಂದ.

ಅವಳು ಮುಚ್ಚಳ ತೆಗೆದಳು, ಕೊಕ್ಕೆ ಮುಟ್ಟಿಸಿದಳು, ಆಮೇಲೆ ಕಂಡದ್ದನ್ನು ಒಂದೊಂದಾಗಿ ಹೇಳಿದಳು. ಸುರುಳಿ ಬಲದಿಂದ ಹನ್ನೊಂದನೇ ಸುತ್ತಿನಲ್ಲಿ ತುಂಡು. ಪಿಂಗಾಣಿ ಕಪ್ಪು. ಮೀಟರಿನ ಗಾಜು ಸರಿ. ಡಬ್ಬಿಗಳು ಸರಿ. ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾಸನೆ ಬಂದಿಲ್ಲ. ವಾಲ್ವಿನ ಒಳಗೆ ಕಂಡಷ್ಟೂ ಹೊಗೆ ಬಣ್ಣ. ಉಸಿರು ಸೇರಿದ್ದು ವಾಲ್ವಿಗೇ. ಸೆಪ್ಟೆಂಬರಿನಲ್ಲಿ ಸುಟ್ಟ ಸುರುಳಿ ಅದನ್ನೇ ಹೇಳಲು ಹೊರಟಿತ್ತು.

ರಾಶ್ಕೊ ತನ್ನ ಮುಖದಿಂದ ಒಂದು ಗೇಣು ದೂರದಲ್ಲಿದ್ದ ಮೀಟರಿನ ಗಾಜನ್ನು ಮುಟ್ಟಿ ನೋಡಿದ. ಬಸ್ಸು ಹತ್ತಿ ಹೋಗಿ, ಕ್ಲಬ್ಬಿನಲ್ಲಿದ್ದ ಒಂದೇ ಒಂದು ಹೆಚ್ಚಿನ ವಾಲ್ವನ್ನು ಸ್ವೆಟರಿನಲ್ಲಿ ಸುತ್ತಿ ತಂದ.

ಹೊಸ ವಾಲ್ವಿಗೆ ಒಂದು ದಿನ ಕಾವು ಕೊಟ್ಟರು. ಮಾರನೆಯ ದಿನ ಎಲ್ಲ ಕೂಡಿಸಿದ ಮೇಲೆ ಗೆಂಚೊ ಎದ್ದು ಸ್ಟೂಲು ಬಿಟ್ಟುಕೊಟ್ಟು, ನೀನೇ ಮುಚ್ಚು ಎಂದ. ಅವಳು ಮುಚ್ಚಲಿಲ್ಲ. ದೀಪ ತಗ್ಗಿಸಿ ಒಳಗೆ ನೋಡುತ್ತಲೇ ಇದ್ದಳು. ರಾಶ್ಕೊ ಗೋಡೆ ಗಡಿಯಾರ ನೋಡಿದ.

"ಮುಚ್ಚಳದ ಸ್ಪ್ರಿಂಗ್ ಬಾಗಿದೆ, ಪೂರ್ತಿ ತಾಗಲ್ಲ," ಎಂದಳು. "ಮೇಸ್ತ್ರಿ, ಬೆರಳಿಟ್ಟು ನೋಡು. ಕಣ್ಣು ನಂದು, ಕೈ ನಿಂದು. ಎರಡು ಮುದಿ ಜೀವ ಸೇರಿದ್ರೆ ಒಬ್ಬ ಮೇಸ್ತ್ರಿ ಆಗೋದಿಲ್ವಾ?"

ಅವನು ಬಲಗೈ ಬೆರಳಿಟ್ಟ. ಹೌದು, ಕೂದಲೆಳೆಯಷ್ಟು ಎದ್ದಿದೆ ಎಂದ. ಇಕ್ಕಳ ಕೇಳಿ ಪಡೆದು, ನೋಡದೆಯೇ ಒಂದೇ ಒತ್ತಿಗೆ ಸರಿ ಮಾಡಿದ. ಬೀಗದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಸ್ಪರ್ಧೆಯಲ್ಲಿ ಕ್ಲಬ್ಬು ಎಷ್ಟನೆಯದಾಗಿ ಬಂತೋ ಯೊನ್ಕಾಳಿಗೆ ನೆನಪಿಲ್ಲ. ರಾಶ್ಕೊ ಒಂದು ಬಾಟಲಿ ಪ್ಲಮ್ ರಾಕಿಯಾ ತಂದದ್ದು, ಗೆಂಚೊ ಎರಡು ಲೋಟ ಕುಡಿದು ಅವಳ ಹಳೆಯ ಸೀದ ಜಾಮನ್ನು ಹೊಗಳಿದ್ದು ನೆನಪಿದೆ.

ಹಾಗೆ ಇನ್ನೂ ಮೂರು ಚಳಿಗಾಲ ನಡೆಯಿತು. ಅವನು ಬೆರಳಿಂದಲೂ ಮೂಗಿನಿಂದಲೂ ನೋಡುತ್ತಿದ್ದ, ಅವಳು ಕಣ್ಣಿಂದ. ಬಂದವರು ಮೇಸ್ತ್ರಿ ಯಾರು ಎಂದು ಕೇಳಿದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿ ಕಾಡಿಸುತ್ತಿದ್ದರು. ಮಾರ್ಚ್ ಒಂದರಂದು ಊರಿನ ವಾಡಿಕೆಯಂತೆ, ವಸಂತ ಶುಭ ತರಲೆಂದು, ಮುಂಗೈಗೆ ಕೆಂಪು-ಬಿಳಿ ದಾರ ಕಟ್ಟಿಕೊಂಡರು. ಕರೆಂಟಿನ ಭಯಕ್ಕೆ ಆ ಮೇಜಿಗೆ ಕೈಗಡಿಯಾರ, ಉಂಗುರ ಹಾಕಿಕೊಂಡು ಬರುವಂತಿರಲಿಲ್ಲ, ದಾರಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಅದೇ ವಾರ ಗೆಂಚೊನ ಎದೆ ಬಿಗಿಯಿತು. ಲೋವೆಚಿನ ಆಸ್ಪತ್ರೆಗೆ ಹೋದವನು ಐದನೆಯ ದಿನ ನಿದ್ದೆಯಲ್ಲೇ ತೀರಿಕೊಂಡ.

ಆಸ್ಪತ್ರೆಗೆ ಹೊರಟ ದಿನ ಅವನನ್ನು ಕರೆದೊಯ್ದದ್ದು ರಾಶ್ಕೊ. ಯೊನ್ಕಾ ಬಸ್ಸಿನ ಬಾಗಿಲವರೆಗೆ ಚೀಲ ಹಿಡಿದು ಹೋಗಿದ್ದಳು. ಮೇಜಿನ ಮೇಲೆ ಪ್ಲೆವೆನ್ ಊರಿನ ಒಬ್ಬನ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು, ವಾಲ್ವು ಕಾವಿನಲ್ಲಿತ್ತು, ಸೋಮವಾರ ಅದರ ಒಡೆಯ ಬರುವವನಿದ್ದ. ಗೆಂಚೊ ಮೆಟ್ಟಿಲು ಹತ್ತಿ, ತಿರುಗಿ, ಅವಳ ದನಿ ಇದ್ದ ಕಡೆ ಮುಖ ಮಾಡಿದ.

"ಸೋಮವಾರ ನಾನು ಬಂದಿಲ್ಲ ಅಂದ್ರೂ ಬಾಗಿಲು ತೆಗೀತೀಯಲ್ಲ ಅಕ್ಕ?"