ಬಿಜಲಿಯ ಮೊಣಕಾಲು, ನನ್ನ ಇಂಗ್ಲಿಷು

ಟಕ್ — ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸದ್ದು. ಬಿಜಲಿ ಎಂಬ ಬೇಟೆನಾಯಿಯ ಹಿಂಗಾಲಿನ ಮೊಣಕಾಲು ಎರಡನೆಯ ಸಲ ಹರಿದ ಸದ್ದು ಅದು. ಹರಿಯುವಂತೆ ಮಾಡಿದವಳು ನಾನು. ಕೈಯಿಂದಲ್ಲ — ಒಂದು ಇಂಗ್ಲಿಷ್ ಕಾಗದವನ್ನು ಬೇಕೆಂದೇ ಸುಳ್ಳು ಓದಿ.

ಯಾಕೆ ಎಂದರೆ — ಕಾಕಾ, ಅಪ್ಪನ ತಮ್ಮ. ಅಪ್ಪ ತೀರಿಹೋದ ಮೇಲೆ ಠಾಣಾ ಕುಶನೂರಿನ ನಮ್ಮ ಮನೆಯಲ್ಲಿ ಅವರ ಮಾತೇ ಕಾಯಿದೆ. ನಾನು ಹೈದರಾಬಾದಿನಲ್ಲಿ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದೆ, ಮೆಟ್ರಿಕ್ ವರ್ಷ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಆ ದೀಪಾವಳಿಗೆ ಮನೆಗೆ ಬಂದವಳನ್ನು ಅವರು ತಿರುಗಿ ಕಳಿಸಲಿಲ್ಲ. "ಹೈದ್ರಾಬಾದ್ ಈಗ ಪರರಾಜ್ಯ ಆಗ್ಯದ. ನಮ್ಮ ಮನಿ ಹುಡುಗಿ ಅಲ್ಲಿರೋದು ಬ್ಯಾಡ" ಅಂದರು. ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ನನ್ನ ಪುಸ್ತಕಗಳೆಲ್ಲ ಅಲ್ಲೇ ಉಳಿದವು.

ಸಂಕ್ರಾಂತಿ ದಾಟಿದ ಮೇಲೆ, ಮೊಲದ ಬೆನ್ನು ಹತ್ತಿದ ಬಿಜಲಿಯ ಕಾಲು ಎರೆಹೊಲದ ಬಿರುಕಿನಲ್ಲಿ ಸಿಕ್ಕಿತು. ಮೊಣಕಾಲೊಳಗಿನ ಲಿಗಮೆಂಟ್ ಹರಿಯಿತು. ಕಾಕಾ ಅದನ್ನು ಜೀಪಿನಲ್ಲಿ ಹಾಕಿಕೊಂಡು ನೆಟ್ಟಗೆ ಹೋದದ್ದು ಎಲ್ಲಿಗೆ — ಹೈದರಾಬಾದಿಗೆ. ನನಗೆ ಪರರಾಜ್ಯವಾದ ಊರು ನಾಯಿಗೆ ಆಗಿರಲಿಲ್ಲ. ಅಲ್ಲೊಬ್ಬ ಡಾಕ್ಟರು ಅದರ ತೊಡೆಯ ಪೊರೆಯಿಂದಲೇ ಒಂದು ಪಟ್ಟಿ ತೆಗೆದು ಹರಿದ ಜಾಗಕ್ಕೆ ಹೊಲಿದು ಕಳಿಸಿದರು. ಜೊತೆಗೆ ಆರೈಕೆಯ ಕಾಗದ. ಮನೆಯಲ್ಲಿ ಉರ್ದು, ಮರಾಠಿ ಎಲ್ಲರಿಗೂ ಬರುತ್ತಿತ್ತು, ಇಂಗ್ಲಿಷ್ ನನಗೊಬ್ಬಳಿಗೆ.

ಆರೈಕೆ ಮೌಲಾ ಚಾಚಾನದು — ನಮ್ಮ ನಾಯಿಗಳನ್ನೆಲ್ಲ ಮರಿಯಿಂದ ಬೆಳೆಸಿದವರು. ಬಿಜಲಿಯ ಹೊಟ್ಟೆಯ ಕೆಳಗೆ ಹಳೆಯ ಧೋತರ ಹಾಯಿಸಿ, ಅದರ ಅರ್ಧ ಭಾರ ತಾವೇ ಹಿಡಿದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುವರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಮುಂದಿನ ಸಾಲು ಓದಿಸುವರು. ನಾನು ಸರಿಯಾಗಿಯೇ ಓದುತ್ತಿದ್ದೆ — ಹಗ್ಗ ಬಿಚ್ಚಬೇಡಿ, ಮೆಟ್ಟಿಲು ಬೇಡ, ಜಿಗಿತ ಬೇಡ. ಕೊನೆಯ ಸಾಲು ಮಾತ್ರ ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ: ನೋ ರನ್ನಿಂಗ್ ಫಾರ್ ಸಿಕ್ಸ್ ಮಂತ್ಸ್.

ಅಷ್ಟರಲ್ಲಿ ನಮ್ಮ ತಾಲೂಕಿನ ಊರು ಔರಾದಿಗೆ ಹೊಸ ರಾಜ್ಯದ ಸಾಹೇಬರು ಬಂದರು. ಅವರಿಗೆ ಬಿಜಲಿಯ ಓಟ ತೋರಿಸಬೇಕೆಂದು ಕಾಕಾಗೆ ಆಸೆ. ಯಾವಾಗ ಬಿಡಬಹುದು ಎಂದು ನನ್ನನ್ನು ಕೇಳಿದರು. ಆಪರೇಷನ್ ಆಗಿ ಎಂಟನೆಯ ವಾರ. ಕಾಗದ ನನ್ನ ಕೈಯಲ್ಲಿ — ಮೊದಲ ಸಲ ಕಾಕಾಗೆ ನನ್ನ ಓದು ಬೇಕಾಗಿತ್ತು.

"ಆರು ವಾರ ಅಂತ ಬರದಾರ, ಕಾಕಾ."

ಚಾಚಾ ಒಪ್ಪಲಿಲ್ಲ. "ಮಾಲಕ್ರೆ, ತೊಡಿ ಮುಟ್ಟಿ ನೋಡ್ರಿ, ಇನ್ನಾ ಸೊರಗ್ಯದ. ಕಾಲು ಊರಲಿಕ್ಕೇ ಅಂಜ್ತದ, ಓಡ್ತದೇನ್ರಿ?"

"ಡಾಕ್ಟರ್‌ಕಿಂತ ಶ್ಯಾಣ್ಯಾ ಆದೇನು ಮೌಲಾ? ಬೇಬಿ, ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ — ಸಿಸ್ಟರ್ ಕಲಿಸಿದ ಶುದ್ಧ ಉಚ್ಚಾರದಲ್ಲಿ. ಸಿಕ್ಸ್ ವೀಕ್ಸ್.

ಹೊಲದ ಬದುವಿನ ಮೇಲೆ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಜೀಪಿನಲ್ಲಿದ್ದೆ. ಬಿಜಲಿ ಇಪ್ಪತ್ತು ಮಾರು ಓಡಿರಬೇಕು — ಆ ಸದ್ದು, ಆಮೇಲೆ ಚೀರಾಟ. ಸಾಹೇಬರು ನಕ್ಕರು: "ನಿಮ್ಮ ಬಿಜಲಿಯಲ್ಲಿ ಕರೆಂಟೇ ಇಲ್ಲವಲ್ಲಾ, ಪಾಟೀಲರೇ." ಕಾಕಾನ ಮುಖ — ಅದನ್ನು ಕಣ್ತುಂಬ ನೋಡಿದೆ. ರಿವೆಂಜ್ ಈಸ್ ಸ್ವೀಟ್ ಅಂತಾರಲ್ಲ, ಖರೇನೇ ಸಿಹಿಯಾಗಿತ್ತು. ಇಷ್ಟು ವಯಸ್ಸಾದರೂ ಆ ಮುಖ ನೆನೆದರೆ ಒಳಗೆಲ್ಲೋ ತಣ್ಣಗಾಗುತ್ತದೆ. ಕಾಕಾನ ಕ್ಷಮೆ ನಾನು ಕೇಳುವುದಿಲ್ಲ. ಸತ್ತ ಮೇಲೆ ಎದುರಾದರೂ ಕೇಳುವುದಿಲ್ಲ.

ಆದರೆ ಕಾಕಾ ನನ್ನನ್ನು ದೂರಲಿಲ್ಲ, ಕಾಗದವನ್ನೂ ದೂರಲಿಲ್ಲ. ಮೌಲಾನ ಮಾಲೀಶೇ ಸರಿಯಿಲ್ಲ, ಕೈಗುಣವೇ ಸರಿಯಿಲ್ಲ ಅಂದರು — ಸಾಹೇಬರ ಎದುರಿಗೆ, ಕೂಲಿಯವರ ಎದುರಿಗೆ. ಅಲ್ಲಿಂದಲೇ ಹೊರಗೆ ಹಾಕಿದರು. ನಾನು ಒಂದು ಮಾತು ಆಡಿದ್ದರೆ — ಆಡಲಿಲ್ಲ. ಮನೆಗೆ ಬಂದು ಕಾಗದವನ್ನು ಒಲೆಗೆ ಹಾಕಿದೆ. ಕಾಕಾ ಬಂದೂಕು ತರಿಸುವುದರೊಳಗೆ ಚಾಚಾ ಬಿಜಲಿಯನ್ನು ಹೆಗಲ ಮೇಲೆ ಹಾಕಿಕೊಂಡು ಕಮಲನಗರದ ದಾರಿ ಹಿಡಿದಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಭಾಲ್ಕಿ ಸ್ಟೇಷನ್ನಿನಲ್ಲಿ, ನನ್ನ ಮದುವೆಯಾಗಿ ನಾಲ್ಕು ವರ್ಷಕ್ಕೆ. ಹಮಾಲಿ ಮಾಡುತ್ತಿದ್ದರು. ನನ್ನ ಗುರುತು ಹಿಡಿದು, ನಕ್ಕು, ಹಾಸಿಗೆಯ ಸುರುಳಿ ಎತ್ತಿ ರೈಲಿನ ಡಬ್ಬಿಯೊಳಗೆ ಇಟ್ಟರು. ಬಿಜಲಿ ಮೂರೇ ಕಾಲಿನ ಮೇಲೆ ಮೂರು ವರ್ಷ ಬದುಕಿತ್ತಂತೆ. ಈಗ ಯಾರ ನಾಯಿ ಸಾಕ್ತೀರಿ ಎಂದು ಕೇಳಿಬಿಟ್ಟೆ.

"ಯಾರೂ ಕೊಡಂಗಿಲ್ಲವ್ವ. ಮೌಲಾನ ಕೈ ಹತ್ತಿದ್ರ ನಾಯಿ ಕೆಡ್ತದ ಅಂತಾರ. ಖರೇನೇ ಇರಬೇಕು. ಡಾಕ್ಟರ್ ಕಾಗದದಾಗ ಬರದದ್ದು ಸುಳ್ಳಾಗ್ತದೇನು?"

ಗಾರ್ಡ್ ಇನ್ನೂ ಚಹಾ ಕುಡಿಯುತ್ತಿದ್ದ. ಹೇಳಲು ಬೇಕಾದಷ್ಟು ಹೊತ್ತಿತ್ತು. ಗಂಡ ಪಕ್ಕದಲ್ಲಿದ್ದರು — ಅದು ಕಾರಣವಲ್ಲ. "ಬರ್ತೇನಿ, ಚಾಚಾ" ಅಂದೆ, ಅಷ್ಟೇ. ಇಂಜಿನ್ನಿನ ಕಿಡಿ ಕಣ್ಣಿಗೆ ಬಿದ್ದೀತು ಅಂತ ಅವರು ಹೊರಗಿನಿಂದಲೇ ಕೈ ಚಾಚಿ ಕಿಟಕಿಯ ಬಾಗಿಲು ಎಳೆದರು. ಅದು ಪೂರ್ತಿ ಮುಚ್ಚುವ ತನಕ ನಾನು ಅವರನ್ನು ನೋಡುತ್ತಲೇ ಇದ್ದೆ.