ಸಾಹೇಬರು ಕೇಳಿದ ಹೆಸರು

ಗೆಳೆಯರೇ, ಇವತ್ತೊಂದು ದಿನ ನನ್ನನ್ನು ಮಾಸ್ತರ ಎನ್ನಬೇಡಿ.

ಸಂಸ್ಥಾನ ಹೋದ ಮೇಲೆ ಜತ್ತದ ನಮ್ಮ ಶಾಲೆಗೆ ಇವತ್ತು ಮೊದಲ ತಪಾಸಣೆ. ಅದೇ ಹೊತ್ತಿಗೆ ಕುಣಿಕೋಣೂರಿನ ಕುರಿಗಾರನೊಬ್ಬ ಮಗಳನ್ನು ಶಾಲೆಗೆ ಸೇರಿಸಲು ಕರೆತಂದ. ಪುಣೆಯಿಂದ ಬಂದಿದ್ದ ಸಾಹೇಬರು ಮರಾಠಿಯಲ್ಲಿ ಅವಳ ಹೆಸರು ಕೇಳಿದರು: “ನಾವ ಕಾಯ?”

ಹುಡುಗಿಗೆ ಅದು ಕನ್ನಡವಾಗಿಯೇ ಕೇಳಿಸಿತು.

“ನಾವ್ ಕುರಿ ಕಾಯ್ತೀವ್ರಿ,” ಎಂದಳು.

ಪ್ರಶ್ನೆಯನ್ನು ಅವಳಿಗೆ ತಿಳಿಸಿ ಹೇಳುವುದು ಬಿಟ್ಟು, ಅವಳ ಉತ್ತರವನ್ನು ಸಾಹೇಬರಿಗೆ ಬಿಡಿಸಿ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಪ್ಪ ಅವಳ ಕೈ ಹಿಡಿದ. “ನಡಿಯವ್ವ, ಕುರಿ ನಮ್ಮನ್ನ ನೋಡಿ ನಗೂದಿಲ್ಲ.”

ಅವಳ ಹೆಸರು ನನಗೆ ಈಗಲೂ ಗೊತ್ತಿಲ್ಲ.

ಹೋಗುವಾಗ ಸಾಹೇಬರು ಷರಾ ಬರೆದರು: ‘ಮಾಸ್ತರರಿಗೆ ಎರಡೂ ಭಾಷೆಗಳು ಚೆನ್ನಾಗಿ ಬರುತ್ತವೆ.’